ಸೋರೋ ಜಾಗ ಬೇರೆ, ತೊಟ್ಟಿಕ್ಕೋ ಜಾಗ ಬೇರೆ

ಕಳೆದ ಆಷಾಢದಲ್ಲಿ ಊರಿಗೆ ಹೋಗಿದ್ದೆ. ಊರು ಅಂದರೆ ಹೊಳಲೂರು, ಶಿವಮೊಗ್ಗದಿಂದ ಹೊನ್ನಾಳಿ ದಾರಿ ಹಿಡಿದರೆ ಸಿಗುತ್ತದೆ. ಅಪ್ಪ ಹೋದ ಮೇಲೆ ಅವರ ಕಾರು ಹೊಂಗೆ ಮರದ ಕೆಳಗೆ ನಿಂತಲ್ಲೇ ನಿಂತಿತ್ತು. ಅಮ್ಮನನ್ನು ಮಂಡಿನೋವಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಅಂತ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ ಗಪ್ಪಂತ ಹೊಡೀತು. ಅಮ್ಮ ಎಡಗಡೆ ಸೀಟಿನ ಮುಂದೆ ಕಾಲಿಟ್ಟಳು, ಪಚಕ್! ಅಲ್ಲೊಂದು ಪುಟ್ಟ ಕೆರೆಯೇ ಇತ್ತು.

ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಮುಂದಿನ ಗಾಜಿನ ಸುತ್ತ ಸಿಲಿಕೋನ್ ಮೆತ್ತಿ ದುಡ್ಡು ತಗೊಂಡರು. ಎರಡನೇ ಮಳೆಗೆ ಮತ್ತೆ ಅದೇ ಕೆರೆ. ಬೆಂಗಳೂರಿನಿಂದ ಅಣ್ಣ ಫೋನಿನಲ್ಲೇ ತೀರ್ಪು ಕೊಟ್ಟ, "ಗುಜರಿಗೆ ಹಾಕು ಅತ್ಲಾಗೆ." ಅಮ್ಮ ಏನೂ ಹೇಳಲಿಲ್ಲ. ಒಳಗೆ ಹೋಗಿ ಅಪ್ಪನ ಹಳೇ ಪಂಚೆ ತಂದು ನೀರು ಒರೆಸತೊಡಗಿದಳು. ಅದನ್ನು ನೋಡಿದ ಮೇಲೆ ನನಗೆ ಗುಜರಿ ಮಾತು ಎತ್ತಲು ಬಾಯಿ ಬರಲಿಲ್ಲ.

ಅಷ್ಟೊತ್ತಿಗೆ ನಮ್ಮನೆ ಹಂಚು ಕೈಯಾಡಿಸಲು ಪ್ರತಿ ವರ್ಷ ಬರುವ ಮಾಮ ಬಂದರು. ಕಾರಿನ ಕಥೆ ಕೇಳಿ ನಕ್ಕುಬಿಟ್ಟರು. "ತಮ್ಮಾ, ಮಾಡಿನಲ್ಲಿ ನೀರು ಇಳಿಯೋದು ಒಂದು ಕಡೆ, ತೊಟ್ಟಿಕ್ಕೋದು ಇನ್ನೊಂದು ಕಡೆ. ಮರ ಹಿಡ್ಕಂಡು ನಾಲ್ಕು ಮೊಳ ಓಡಿರ್ತದೆ. ನೀನು ಬಿದ್ದ ಜಾಗಕ್ಕೆ ಮೆತ್ತಿದ್ರೆ ಏನು ಬಂತು?"

ಈ ಮಾತು ತಲೆಯಲ್ಲಿ ಕೊರೆಯತೊಡಗಿತು. ಗಾಡಿಯಲ್ಲಿ ಕೂತು ನೆನೆಯದೇ ಹೋಗಬೇಕು ಅನ್ನುವ ಆಸೆ ಎಷ್ಟು ಹಳೆಯದು? ಹುಡುಕುತ್ತಾ ಹೋದೆ.

ನಮ್ಮಲ್ಲಿ ಕಮಾನು ಗಾಡಿ ಇತ್ತು. ಬಿದಿರು ಬಗ್ಗಿಸಿ ಮೇಲೆ ಚಾಪೆ ಹೊದಿಸಿದರೆ ಆಯ್ತು. ಗಾಡಿ ಹೊಡೆಯುವವನಿಗೆ ಕಂಬಳಿ ಕೊಪ್ಪೆಯೇ ಗತಿ. ಮೊದಮೊದಲ ಕಾರುಗಳು ಇದಕ್ಕಿಂತ ಮುಂದೇನೂ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಹೆಚ್ಚಿನವಕ್ಕೆ ಇದ್ದದ್ದು ಮಡಚುವ ಬಟ್ಟೆಯ ಮಾಡು. ಆ ಬಟ್ಟೆಯ ಹಿಂದೆಯೂ ಒಂದು ಕಥೆ ಇದೆ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ಎರಡು ಬಟ್ಟೆಗಳ ನಡುವೆ ರಬ್ಬರ್ ಅಂಟಿಸಿ ನೀರು ಹೀರದ ಬಟ್ಟೆಗೆ ಪೇಟೆಂಟ್ ಪಡೆದ. ಆದರೆ ಆ ರಬ್ಬರು ಬಿಸಿಲಿಗೆ ಅಂಟು ಅಂಟು, ಚಳಿಗೆ ಕಟ್ಟಿಗೆಯಂತೆ ಬಿರುಸು. ಅದಕ್ಕೆ ಗಂಧಕ ಸೇರಿಸಿ ಕಾಯಿಸಿದರೆ ಗಟ್ಟಿಯಾಗುತ್ತದೆ ಅಂತ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಅವನಿಗೆ 1844ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತು ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗಿನ ಮೂಲ ಅಲ್ಲಿದೆ.

1919ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಮುಚ್ಚಿದ ಕಾರು ಹತ್ತಕ್ಕೆ ಒಂದು. 1927ರ ಹೊತ್ತಿಗೆ ಅದು ಶೇಕಡಾ 85ರಷ್ಟಾಗಿತ್ತು. ಆದರೂ ಮಾಡಿನ ನಡುಭಾಗ ಬಟ್ಟೆಯದೇ, ಯಾಕೆಂದರೆ ಅಷ್ಟು ಅಗಲದ ಉಕ್ಕಿನ ತಗಡನ್ನು ಒಂದೇ ಏಟಿಗೆ ಒತ್ತುವುದು ಸುಲಭವಿರಲಿಲ್ಲ. ಜನರಲ್ ಮೋಟರ್ಸ್ 1935ರ ಕಾರುಗಳಿಗೆ ಪೂರ್ತಿ ಉಕ್ಕಿನ ಮಾಡು ತಂದಿತು. ಮಾಡು ಉಕ್ಕಿನದಾದ ಮೇಲೆ ಸೋರುವುದು ನಿಂತಿತೇ? ಇಲ್ಲ, ಜಾಗ ಬದಲಾಯಿಸಿತು ಅಷ್ಟೆ. ತಗಡಿಗೆ ತಗಡು ಸೇರುವ ಕಡೆ, ಗಾಜಿನ ಸುತ್ತ, ಬಾಗಿಲ ಸಂದಿಯಲ್ಲಿ.

ಅಂಬಾಸಿಡರ್ ನೆನಪಿದೆಯಲ್ಲ? 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದರ ಬಾಗಿಲ ಮೇಲೆ ಉದ್ದಕ್ಕೆ ಒಂದು ತಗಡಿನ ದೋಣಿ, ಥೇಟ್ ನಮ್ಮ ಮನೆ ಸೂರಿನ ದೋಣಿಯ ಹಾಗೆ. ಮಳೆನೀರು ಅದರಲ್ಲಿ ಹರಿದು ಹಿಂದೆ ಮುಂದೆ ಇಳಿಯುತ್ತಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಉಳಿಸಲು ಗಾಳಿಗೆ ಅಡ್ಡ ಬರದ ಆಕಾರ ಬೇಕಾಯಿತು. ಹೊರಗೆ ಕಾಣುತ್ತಿದ್ದ ದೋಣಿ ಕ್ರಮೇಣ ಮಾಯವಾಗಿ ಮಾಡಿನ ಕಪ್ಪು ಪಟ್ಟಿಯ ಕೆಳಗೆ, ಬಾಗಿಲ ರಬ್ಬರಿನ ಹಿಂದೆ ಅಡಗಿತು.

ಇಲ್ಲೇ ನನಗೆ ಜ್ಞಾನೋದಯ ಆಗಿದ್ದು :) ಈಗಿನ ಕಾರು ನೀರನ್ನು ಪೂರ್ತಿ ತಡೆಯುವುದೇ ಇಲ್ಲ! ಒಳಗೆ ಬಿಟ್ಟುಕೊಂಡು ಗುಟ್ಟಾಗಿ ಹೊರಗೆ ಸಾಗಿಸುತ್ತದೆ. ಬಾಗಿಲ ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲ ಹೊಟ್ಟೆಯೊಳಗೆ ಬಿದ್ದು ತಳದ ತೂತುಗಳಿಂದ ಹೋಗುತ್ತದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗೆ, ಒಳಗೆ ಗಾಳಿ ಹೋಗುವ ಜಾಲರಿ ಇರುತ್ತದೆ. ಅದರಲ್ಲಿ ಬಿದ್ದ ಮಳೆನೀರು ಕೆಳಗಿನ ತೊಟ್ಟಿ ಸೇರಿ ಪಕ್ಕದ ತೂತಿನಿಂದ ನೆಲಕ್ಕೆ ಇಳಿಯಬೇಕು. ಅಂದರೆ ಸೋರಿಕೆ ಅಂದಾಗ ಬಿರುಕು ಹುಡುಕುವ ಮೊದಲು ಕಟ್ಟಿಕೊಂಡ ಮೋರಿ ಹುಡುಕಬೇಕು.

ಮಾಮ, ನಾನು ಇಬ್ಬರೂ ಸೇರಿ ಶುರುಮಾಡಿದೆವು. ಮೊದಲು ನೀರು ಮಳೆಯದೇನಾ ಅಂತ ನೋಡಬೇಕು. ಬಿಸಿಲಲ್ಲೂ ಏಸಿ ಹಾಕಿದಾಗ ಮಾತ್ರ ಬಂದರೆ ಅದು ಏಸಿ ನೀರಿನ ಕೊಳವೆ ಕಟ್ಟಿಕೊಂಡಿದ್ದು. ಅಂಟಂಟಾಗಿ ಸಿಹಿ ವಾಸನೆ ಇದ್ದರೆ ಇಂಜಿನ್ ತಂಪು ಮಾಡುವ ಕೂಲೆಂಟ್. ನಮ್ಮದು ಮಳೆ ಬಂದಾಗ ಮಾತ್ರ. ಆಮೇಲೆ ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ ಎಳೆದೆವು. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಸತ್ತಿದೆ ಅಂತ ಅರ್ಥ. ನಮ್ಮದು ಎಲ್ಲಾ ಕಡೆ ಬಿಗಿಯಾಗಿಯೇ ಇತ್ತು.

ಕಾರ್ಪೆಟ್ ಕಿತ್ತು ತಗಡು ಒಣಗಿಸಿ, ಅದರ ಮೇಲೆ ವಿಭೂತಿ ಪುಡಿ ಉದುರಿಸಿದೆ (ಅಮ್ಮ ಬೈದಳು, ಇರಲಿ). ನಾನು ಟಾರ್ಚ್ ಹಿಡಿದು ಒಳಗೆ ಮಲಗಿದೆ. ಮಾಮ ಹೊರಗಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟರು, ಕೆಳಗಿಂದ ಮೇಲಕ್ಕೆ ಒಂದೊಂದೇ ಜಾಗಕ್ಕೆ. ಮೊದಲೇ ಮಾಡಿನ ಮೇಲೆ ಸುರಿದರೆ ಎಲ್ಲಾ ಕಡೆ ಒದ್ದೆಯಾಗಿ ಯಾವುದೂ ಗೊತ್ತಾಗುವುದಿಲ್ಲ. ಚಕ್ರದ ಮೇಲೆ ಬಿಟ್ಟರು, ಏನಿಲ್ಲ. ಬಾಗಿಲ ಕೆಳಗೆ, ಏನಿಲ್ಲ. ವೈಪರ್ ಕೆಳಗಿನ ಜಾಲರಿಗೆ ಬಿಟ್ಟು ಒಂದೆರಡು ನಿಮಿಷ ಆಗಿರಬೇಕು, ಡ್ಯಾಶ್‌ಬೋರ್ಡಿನ ಹಿಂದಿನಿಂದ ಸಣ್ಣ ಎಳೆ ಇಳಿದು ವಿಭೂತಿಯ ಮೇಲೆ ಗೆರೆ ಎಳೆಯಿತು. "ಮಾಮ, ನಿಲ್ಸಿ! ಸಿಕ್ತು!" ಅಂತ ಕೂಗಿದೆ.

ಜಾಲರಿ ಬಿಚ್ಚಿದರೆ ತೊಟ್ಟಿಯ ತುಂಬಾ ಕೊಳೆತ ಹೊಂಗೆ ಎಲೆ, ಹೂವು, ಮಣ್ಣು. ಎರಡು ಬೊಗಸೆಗಿಂತ ಹೆಚ್ಚು! ತೂತು ಮುಚ್ಚಿ ನೀರು ತುಂಬಿ, ಗಾಳಿ ಹೋಗುವ ದಾರಿಯಲ್ಲಿ ಒಳಗೆ ಉಕ್ಕುತ್ತಿತ್ತು. ಗಾಜಿಗೆ ಮೆತ್ತಿದ ಸಿಲಿಕೋನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಖರ್ಚು ಸೊನ್ನೆ ಅಂತ ಕುಣಿಯುವ ಹಾಗೂ ಇರಲಿಲ್ಲ. ಸೀಟಿನ ಮುಂದಿನ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ತೂರಿಹೋಯಿತು. ಅಮ್ಮ ಕಾಲಿಡುವ ಜಾಗ ಅದು. ಅಪ್ಪ ಭದ್ರಾವತಿಯಲ್ಲಿ ಕೆಲಸದಲ್ಲಿದ್ದವರು. 1923ರಿಂದ ಕಬ್ಬಿಣ ಕರಗಿಸಿದ ಊರದು. "ಕಬ್ಬಿಣ ಯಾವಾಗ್ಲೂ ವಾಪಸ್ ಮಣ್ಣಾಗಕ್ಕೆ ಕಾಯ್ತಿರುತ್ತೆ ಕಣೋ" ಅನ್ನುತ್ತಿದ್ದರು. ಅವರ ಕಾರಿನಲ್ಲೇ ಅದು ಕಣ್ಣಿಗೆ ಬಿತ್ತು. ತುಕ್ಕು ಕೆರೆದು, ಹೊಸ ತಗಡು ವೆಲ್ಡ್ ಮಾಡಿಸಿ, ರೆಡ್ ಆಕ್ಸೈಡ್ ಬಳಿಸಿದೆ. ಕಾರ್ಪೆಟ್ಟು ಬಚ್ಚಲ ಒಲೆ ಪಕ್ಕ ಮೂರು ದಿನ ಒಣಗಿತು.

ಆಮೇಲಿನ ಮಳೆಗೆ ಅಮ್ಮನನ್ನು ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೋದೆ. ಅವಳು ಚಪ್ಪಲಿ ಬಿಟ್ಟು ಪಾದ ಕೆಳಗಿಟ್ಟು ನೋಡಿಕೊಂಡಳು. "ಬೆಚ್ಚಗಿದೆ" ಅಂದಳು. ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೂ ಅವಳೇ.

ನಿಮ್ಮ ಕಾರು ಮರದ ಕೆಳಗೆ ನಿಲ್ಲುತ್ತಾ? ಹಾಗಿದ್ದರೆ ಮುಂಗಾರಿಗೆ ಮೊದಲು ಹಂಚು ಕೈಯಾಡಿಸುವ ಹಾಗೆ ಒಮ್ಮೆ ವೈಪರ್ ಕೆಳಗೂ ಕೈಯಾಡಿಸಿ. ನಿಮ್ಮ ಸೋರಿಕೆಯ ಕಥೆ ಇದ್ದರೆ ಬರೆಯಿರಿ, ಮಾಮನಿಗೆ ಓದಿ ಹೇಳ್ತೀನಿ.