ಪೊಲೀಸ್ ದೌರ್ಜನ್ಯ: ದೂರು ಮತ್ತು ದಾವೆ (ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗ)

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಠಾಣೆಗಳು ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರೇಟ್‌ಗೆ ಸೇರಿಲ್ಲ. ಜಿಲ್ಲಾ ಎಸ್‌ಪಿ ಅಧೀನದಲ್ಲಿವೆ. ಪೊಲೀಸರು ಹೊಡೆದರು, ಅಕ್ರಮವಾಗಿ ಕೂಡಿಹಾಕಿದರು ಎನ್ನುವ ದೂರನ್ನು ಹಳ್ಳಿಯವರು ಸಾಮಾನ್ಯವಾಗಿ ಮೊದಲು ಒಯ್ಯುವುದು ಎಸ್‌ಪಿ ಕಚೇರಿಗೇ.

1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ನವಲಗುಂದ, ನರಗುಂದಗಳಲ್ಲಿ ಎದ್ದ ರೈತರ ಮೇಲೆ ಗೋಲಿಬಾರ್ ನಡೆದು ಸಾವುಗಳಾದವು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತಾರೆ. ಆದರೆ ಪೊಲೀಸರ ನಡತೆಯೇ ಚರ್ಚೆಯ ಕೇಂದ್ರಕ್ಕೆ ಬಂದದ್ದು ನವಲಗುಂದ ತಾಲ್ಲೂಕಿನ ಯಮನೂರು ಗ್ರಾಮದ ಘಟನೆಯಿಂದ. ಮಹದಾಯಿ ಜಲವಿವಾದ ನ್ಯಾಯಮಂಡಳಿ 2016ರ ಜುಲೈ 27ರಂದು ರಾಜ್ಯದ 7.56 ಟಿಎಂಸಿ ಅಡಿ ನೀರಿನ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ನವಲಗುಂದದಲ್ಲಿ ಹಿಂಸಾಚಾರ ಭುಗಿಲೆದ್ದಿತು. ಅದರ ಬೆನ್ನಿಗೇ ಪೊಲೀಸರು ಯಮನೂರಿನ ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಲಾಠಿ ಬೀಸಿದರು. ಆ ದೃಶ್ಯಗಳು ಮೊಬೈಲ್‌ನಲ್ಲಿ ಸೆರೆಯಾಗಿ ಟಿ.ವಿ.ಗಳಲ್ಲಿ ಬಿತ್ತರಗೊಂಡ ಮೇಲೆ ಕೆಲವು ಪೊಲೀಸರು ಅಮಾನತಾದರು, ವಿಚಾರಣೆಗೆ ಆದೇಶವಾಯಿತು. ವಿಡಿಯೊ ಇಲ್ಲದ ಹಳ್ಳಿಗಳ ನೋವಿಗೆ ಅಷ್ಟು ಬೇಗ ಕಿವಿಗೊಡುವವರು ಸಿಗುವುದಿಲ್ಲ ಎಂಬುದು ಕಹಿ ಸತ್ಯ.

ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ನೀಡಿದ ತೀರ್ಪಿನ ಫಲವಾಗಿ ಕರ್ನಾಟಕ ಪೊಲೀಸ್ ಕಾಯ್ದೆಗೆ ರಾಜ್ಯ ಹಾಗೂ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಗಳು ಸೇರಿದವು. ಜಿಲ್ಲಾ ಪ್ರಾಧಿಕಾರಕ್ಕೆ ಪ್ರಾದೇಶಿಕ ಆಯುಕ್ತರು ಅಧ್ಯಕ್ಷರು, ಎಸ್‌ಪಿಯೇ ಸದಸ್ಯ ಕಾರ್ಯದರ್ಶಿ. ತನ್ನ ಸಿಬ್ಬಂದಿಯ ಮೇಲಿನ ದೂರಿನ ಕಡತ ತನ್ನ ಕೈಯಲ್ಲೇ ಇರುವ ಈ ಏರ್ಪಾಡು ದೂರುದಾರರಲ್ಲಿ ನಂಬಿಕೆ ಹುಟ್ಟಿಸುವಂಥದ್ದಲ್ಲ. ಮಾನವ ಹಕ್ಕುಗಳ ಆಯೋಗಕ್ಕೂ ಹೋಗಬಹುದು, ಆದರೆ ಘಟನೆ ನಡೆದ 1 ವರ್ಷದೊಳಗೆ.

ಸಿವಿಲ್ ದಾವೆಯ ದಾರಿ ಇನ್ನೂ ಕಡಿದು. ಸರ್ಕಾರವನ್ನು ಪ್ರತಿವಾದಿ ಮಾಡಬೇಕಾದರೆ ಮೊದಲು 2 ತಿಂಗಳ ನೋಟಿಸ್ ಕೊಡಬೇಕು. ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ, ಅಧಿಕಾರಿ ಕರ್ತವ್ಯದ ಹೆಸರಿನಲ್ಲಿ ಅಥವಾ ಅದರ ಮಿತಿ ಮೀರಿ ಮಾಡಿದ ಕೃತ್ಯದ ಮೇಲೆ ದಾವೆ ಹೂಡಲೂ ಸರ್ಕಾರದ ಪೂರ್ವಾನುಮತಿ ಬೇಕು. 2020ರ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ರಕ್ಷಣೆಯನ್ನು ಎತ್ತಿಹಿಡಿಯಿತು. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಅದು ಸಿಗದು ಎಂದೂ ಹೇಳಿತು. ಹಾಗಾಗಿ ಪರಿಹಾರ ಕೇಳುವವರು ಹೈಕೋರ್ಟ್‌ನಲ್ಲಿ ರಿಟ್ ಹಾಕುವುದುಂಟು. ನೀಲಾಬತಿ ಬೆಹೆರಾ ಪ್ರಕರಣದ ಸುಪ್ರೀಂ ಕೋರ್ಟ್‌ನ 1993ರ ತೀರ್ಪು ಅದಕ್ಕೆ ಆಧಾರ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದ ಮೇಲೆ ಇದಕ್ಕಾಗಿ ಬೆಂಗಳೂರಿಗೆ ಅಲೆಯುವುದು ತಪ್ಪಿದೆ.

ಯಾವ ದಾರಿ ಹಿಡಿದರೂ ಗಾಯದ ದಾಖಲೆ ಬೇಕೇ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ‘ಬಿದ್ದು ಪೆಟ್ಟಾಯಿತು’ ಎಂದು ಬರೆಸದೆ, ಹೊಡೆದವರು ಪೊಲೀಸರು ಎಂದೇ ಹೇಳಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿಸಬೇಕು. ಬಂಧಿತರು ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಪೆಟ್ಟುಗಳನ್ನು ತೋರಿಸಿ, ವೈದ್ಯಕೀಯ ತಪಾಸಣೆಗೆ ಕಳುಹಿಸುವಂತೆ ಕೇಳಬಹುದು.