ಪ್ಲೇಟ್‌ಲೆಟ್: ರಕ್ತ ನಿಲ್ಲಿಸುವ ಕಣದಲ್ಲಿ ಕೋಶ ಬೆಳೆಸುವ ಶಕ್ತಿ

ಗಾಯವಾದೊಡನೆ ರಕ್ತಸ್ರಾವವನ್ನು ತಡೆಯುವುದು ಪ್ಲೇಟ್‌ಲೆಟ್‌ಗಳ ಮೊದಲ ಕೆಲಸ. ಆದರೆ ಅವುಗಳ ಕಾರ್ಯ ಅಲ್ಲಿಗೇ ಮುಗಿಯುವುದಿಲ್ಲ. ಹರಿದ ಅಂಗಾಂಶವನ್ನು ಮತ್ತೆ ಕಟ್ಟುವಂತೆ ಸುತ್ತಲಿನ ಜೀವಕೋಶಗಳಿಗೆ ವಿಭಜನೆಯ ಸಂದೇಶ ನೀಡುವ ಪ್ರೋಟೀನ್‌ಗಳೂ ಅವುಗಳಲ್ಲಿ ಅಡಗಿವೆ. ಇವನ್ನು ಬೆಳವಣಿಗೆ ಅಂಶಗಳೆಂದು ಕರೆಯಲಾಗುತ್ತದೆ.

ಅಸ್ಥಿಮಜ್ಜೆಯ ದೈತ್ಯ ಕೋಶಗಳಿಂದ ಕಳಚಿಕೊಂಡು ಹುಟ್ಟುವ ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ. ಆಯುಸ್ಸು 7ರಿಂದ 10 ದಿನ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವುಗಳ ಸಂಖ್ಯೆ ಸುಮಾರು 1.5ರಿಂದ 4.5 ಲಕ್ಷ. ಒಳಗಿನ 'ಆಲ್ಫಾ' ಕಣಿಕೆಗಳಲ್ಲಿ ಪಿಡಿಜಿಎಫ್, ಟಿಜಿಎಫ್-ಬೀಟಾ, ವಿಇಜಿಎಫ್ ಮೊದಲಾದ ಅಂಶಗಳು ಸಂಗ್ರಹವಾಗಿರುತ್ತವೆ.

ಪತ್ತೆಯಾದ ಬಗೆ

1974ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರಸೆಲ್ ರಾಸ್ ಮತ್ತು ಸಂಗಡಿಗರು ಕೋತಿಯ ಅಪಧಮನಿಯ ಸ್ನಾಯುಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಹೆಪ್ಪುಗಟ್ಟಿದ ರಕ್ತದಿಂದ ತೆಗೆದ ಸೀರಂನಲ್ಲಿ ಕೋಶಗಳು ಹುಲುಸಾಗಿ ವೃದ್ಧಿಸಿದವು. ಪ್ಲೇಟ್‌ಲೆಟ್ ಇಲ್ಲದ ಪ್ಲಾಸ್ಮಾದಿಂದ ತಯಾರಿಸಿದ ಸೀರಂನಲ್ಲಿ ಬೆಳವಣಿಗೆ ತೀರಾ ಕುಂಠಿತಗೊಂಡಿತು. ವ್ಯತ್ಯಾಸಕ್ಕೆ ಕಾರಣ, ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಹೊರಸೂಸುವ ವಸ್ತುವೇ ಎಂಬುದು ಹೀಗೆ ಖಚಿತವಾಯಿತು. ಪಿಡಿಜಿಎಫ್ ಬೆಳಕಿಗೆ ಬಂದದ್ದು ಈ ಹಾದಿಯಲ್ಲಿ. ಅದು ಕೋಶದ ಹೊರಪೊರೆಯ ಗ್ರಾಹಿಗಳಿಗೆ ಅಂಟಿಕೊಂಡಾಗ ವಿಭಜನೆಯ ಸಂಕೇತ ಕೋಶಕೇಂದ್ರಕ್ಕೆ ತಲುಪುತ್ತದೆ.

ಅತಿಯಾದರೆ ಅಮೃತವೂ ವಿಷ

ಇದೇ ಸಂಕೇತ ಹದ ಮೀರಿದರೆ ಅಪಾಯ. ಕೋತಿಗಳಲ್ಲಿ ಕ್ಯಾನ್ಸರ್ ಗಡ್ಡೆ ಉಂಟುಮಾಡುವ ವೈರಾಣುವೊಂದರ ವಂಶವಾಹಿಯು ಪಿಡಿಜಿಎಫ್‌ನ ಒಂದು ಸರಪಳಿಯನ್ನು ಬಹುತೇಕ ಹೋಲುತ್ತದೆಂದು 1983ರಲ್ಲಿ ತಿಳಿದುಬಂತು. ಸಹಜ ಬೆಳವಣಿಗೆಗೂ ಕ್ಯಾನ್ಸರಿಗೂ ಇರುವ ನಂಟನ್ನು ತೋರಿದ ಮಹತ್ವದ ಶೋಧವದು.

ಪ್ರಯೋಗಾಲಯ, ಚಿಕಿತ್ಸೆ

ಕೋಶಗಳನ್ನು ಬೆಳೆಸಲು ವಿಜ್ಞಾನಿಗಳು ಬಹುಕಾಲದಿಂದ ಹಸುವಿನ ಭ್ರೂಣದ ಸೀರಂ ಬಳಸುತ್ತಿದ್ದಾರೆ. ಇದಕ್ಕೆ ಬದಲಾಗಿ, ರಕ್ತನಿಧಿಗಳಲ್ಲಿ ಅವಧಿ ಮೀರಿದ ಪ್ಲೇಟ್‌ಲೆಟ್‌ಗಳನ್ನು ಹೆಪ್ಪುಗಟ್ಟಿಸುವಷ್ಟು ತಂಪುಮಾಡಿ, ಮತ್ತೆ ಕರಗಿಸಿ ಒಡೆದ ದ್ರಾವಣವನ್ನೂ ಬಳಸಬಹುದು. ಆಕರಕೋಶಗಳನ್ನು ಬೆಳೆಸುವಲ್ಲಿ ಇದು ಯಶಸ್ವಿಯಾಗಿದೆ.

ಮಧುಮೇಹಿಗಳ ಪಾದದ ಹುಣ್ಣಿಗಾಗಿ ಪಿಡಿಜಿಎಫ್ ಆಧಾರಿತ 'ಬೆಕಾಪ್ಲರ್ಮಿನ್' ಲೇಪಕ್ಕೆ ಅಮೆರಿಕ 1997ರಲ್ಲಿ ಅನುಮತಿ ನೀಡಿತು. ಕ್ಯಾನ್ಸರ್ ಸಾವಿನ ಶಂಕೆಯಿಂದ 2008ರಲ್ಲಿ ಅದರ ಮೇಲೆ ಕಟ್ಟೆಚ್ಚರಿಕೆ ಮುದ್ರಿಸಲಾಯಿತು. 2018ರಲ್ಲಿ ಅದನ್ನು ತೆಗೆಯಲಾಯಿತು.

ರೋಗಿಯದೇ ರಕ್ತದಿಂದ ಪ್ಲೇಟ್‌ಲೆಟ್‌ಗಳನ್ನು ಸಾಂದ್ರಗೊಳಿಸಿ ಚುಚ್ಚುವ 'ಪಿಆರ್‌ಪಿ' ಚಿಕಿತ್ಸೆ ಮಂಡಿನೋವು, ಕೂದಲುದುರುವಿಕೆಗಳಿಗೆ ಜನಪ್ರಿಯವಾಗಿದೆ. ಆದರೆ ಮಂಡಿಸವೆತದ 288 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಪಿಆರ್‌ಪಿಗೂ ಬರಿಯ ಉಪ್ಪುನೀರಿನ ಚುಚ್ಚುಮದ್ದಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಾಜಿನ ತಟ್ಟೆಯಲ್ಲಿ ಕೋಶ ಬೆಳೆದ ಮಾತ್ರಕ್ಕೆ ದೇಹದಲ್ಲಿ ರೋಗ ವಾಸಿಯಾದೀತೆಂದು ಹೇಳಲಾಗದು.