ಸೀರೆ ಉಟ್ಟ ಅಪ್ಪ

ನಾನು ಚಿಕ್ಕವಳಿದ್ದಾಗ ಬೈಲಹೊಂಗಲದ ನಮ್ಮ ಓಣಿಗೆ ಜೋಗಪ್ಪ ಬರುತ್ತಿದ್ದರು. ತಲೆಯ ಮೇಲೆ ಎಲ್ಲಮ್ಮನ ಜಗ, ಮೈಮೇಲೆ ಸೀರೆ, ಹಣೆ ತುಂಬ ಭಂಡಾರ. ಅವ್ವ ಜೋಳ ನೀಡಿ ಕಾಲಿಗೆರಗುತ್ತಿದ್ದಳು. “ಇವರು ಗಂಡೋ, ಹೆಣ್ಣೋ?” ಎಂದರೆ, “ಹಂಗೆಲ್ಲಾ ಕೇಳಬಾರದು. ಅವರು ತಾಯಿ ಮಕ್ಕಳು” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಸೀರೆ ಉಟ್ಟವರಿಗೆ ‘ಅಪ್ಪ’ ಎಂಬ ಹೆಸರು! ಇಂಥವರಿಗೆ ಸವದತ್ತಿಯ ಗುಡ್ಡ ತಲೆಮಾರುಗಳಿಂದ ಆಸರೆಯಾಗಿದೆ. ಆದರೆ ಆ ಆಸರೆ ಪುಕ್ಕಟೆ ಸಿಗುತ್ತಿರಲಿಲ್ಲ. ದೇವಿ ಮೈಮೇಲೆ ಬಂದಳೆಂದು ಜನ ಒಪ್ಪಬೇಕು, ಮುತ್ತು ಕಟ್ಟಿಸಿಕೊಳ್ಳಬೇಕು, ಎಷ್ಟೋ ಜನ ಮನೆ ಬಿಟ್ಟು ಜೋಗ ಬೇಡಬೇಕು. ದೇವಿ ಬಾರದವರ ಗತಿ?

ಆ ಪ್ರಶ್ನೆ ನನಗೆ ಹೊಳೆದದ್ದೇ 2021ರಲ್ಲಿ. ಜೋಗತಿ ಮಂಜಮ್ಮನವರು ಪದ್ಮಶ್ರೀ ಸ್ವೀಕರಿಸುವುದನ್ನು ಟಿ.ವಿ.ಯಲ್ಲಿ ನೋಡುತ್ತಿದ್ದ ರಾಮದುರ್ಗದ ಚಿಗವ್ವ ಮೆಲ್ಲಗೆ ಅಂದಳು: “ನಾನೂ ಪೂರಾ ಹೆಣ್ಣಲ್ಲವ್ವಾ. ಗಂಡೂ ಅಲ್ಲ. ನನ್ನ ಮೈಮ್ಯಾಲ ದೇವಿ ಬರಲಿಲ್ಲ. ಏನಂತ ಹೇಳಲಿ, ಯಾರಿಗೆ ಹೇಳಲಿ?”

ಅರವತ್ತೆಂಟು ವರ್ಷ, ಎರಡು ಮಕ್ಕಳು, ನಾಲ್ಕು ಮೊಮ್ಮಕ್ಕಳು. ಅಷ್ಟು ದಿನ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ಮಾತು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಗಂಡೋ ಹೆಣ್ಣೋ ತೃತೀಯ ಲಿಂಗವೋ ಎಂದು ನಿರ್ಧರಿಸುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪಿತ್ತಿತ್ತು. ಅದನ್ನು ಹೇಳಿದೆ. “ಹಂಗಾದರ ನನಗ ಹುಚ್ಚು ಹಿಡಿದಿಲ್ಲ ಬಿಡು” ಎಂದು ಕಣ್ಣೊರೆಸಿಕೊಂಡಳು.

ಮೂವತ್ತು ವರ್ಷ ಅವನು, ಅವಳು, ಅದು ಎಂದು ವ್ಯಾಕರಣ ಕಲಿಸಿದವಳು ನಾನು. ಇಬ್ಬರಿಗೂ ಸಲ್ಲುವ ‘ಅವರು’ ನಮ್ಮ ನಾಲಿಗೆಯ ಮೇಲೇ ಇತ್ತಲ್ಲ! ಈಗ ಚಿಗವ್ವನ ಸುದ್ದಿ ಬಂದರೆ ಹಾಗೆಯೇ ಅನ್ನುತ್ತೇನೆ: ಅವರು ಚೆನ್ನಾಗಿದ್ದಾರೆ.